ಲೀಟರಿನ ಕಾಲಮ್ಮಿನಲ್ಲಿ ಗಿಣ್ಣು

ಬೆಳಗಿನ ಆರಕ್ಕೆ ಕೀಲಾರದ ಡೇರಿಯ ಷಟರ್ ಎತ್ತುತ್ತೇನೆ.
ನಾಲೆಯ ಕಡೆಯಿಂದ ಕ್ಯಾನು, ಚೊಂಬು, ಮುಚ್ಚಳ ಕಳೆದ ಡಬರಿ
ಒಂದೊಂದಾಗಿ ಬಂದು ಸಾಲು ನಿಲ್ಲುತ್ತವೆ,
ಹಿಂದೆ ಅವುಗಳ ಒಡತಿಯರು, ಆಕಳಿಸುತ್ತ.

ಹೆಸರು, ಲೀಟರು, ಫ್ಯಾಟು.
ಹದಿನಾಲ್ಕು ವರ್ಷ ಗೆರೆ ಎಳೆದು ಬರೆದೆ.
ಈಗ ಒಂದು ಹಳೆ ಲ್ಯಾಪ್‌ಟಾಪು, ಅದರೊಳಗೆ
ಮರಿಸ್ವಾಮಿ ಮೇಷ್ಟ್ರು ಹಟ ಹಿಡಿದು ಕಲಿಸಿದ ಭಾಷೆ:
ಬಿಡಿ ಅಂಕಿ ಅದಕ್ಕೆ ರುಚಿಸದು, ಸಾಲೇ ಬೇಕು;
ಲೆಕ್ಕ ಬಲದಿಂದ ಎಡಕ್ಕೆ,
ಮಾತು ಹೊಸಿಲ ರಂಗೋಲಿಯ ಎಳೆಯಂಥ ಗುರುತುಗಳಲ್ಲಿ.

ಮೊದಲ ದಿನ ಮೂರನ್ನೂ ಸೇರಿಸಲು
ನಡುನಡುವೆ ಅಲ್ಪವಿರಾಮ ಇಟ್ಟೆ.
ಎಷ್ಟು ಬಂತು ಅಂದರೆ ಹನ್ನೊಂದು ಅಂದಿತು.
ಕ, ಎತ್ವ, ಸೊನ್ನೆ, ಪ, ಇಳಿ, ಜ, ಮ,
ಒತ್ತಿನ ಮೊದಲು ಕಣ್ಣಿಗೆ ಬೀಳದ ಒಂದು ಕೊಂಡಿ, ಮತ್ತೆ ಮ,
ಆಮೇಲೆ ಆರೂವರೆ, ಆಮೇಲೆ ನಾಲ್ಕು ಪಾಯಿಂಟು ಒಂದು.
ಬಾಯಿಗೆ ನಾಲ್ಕೇ ಅಕ್ಷರದ ಕೆಂಪಾಜಮ್ಮ
ಯಂತ್ರಕ್ಕೆ ಒಂಬತ್ತು ಚೂರು.

ಅವಳೇ ಕಿಟಕಿಯಿಂದ ಇಣುಕಿದಳು. ಓದು ಬರುತ್ತದೆ ಅವಳಿಗೆ.
"ಇದ್ಯಾಕವ್ವ ನನ್ನೆಸ್ರ ಹಿಂಗ್ ಕುಯ್ದಾಕಿದ್ದೀಯೆ,
ಆಲೆಮನೆಗೆ ಹೊತ್ತಾಕೋ ಕಬ್ಬ್ನಂಗೆ?"

ಏನು ಹೇಳಲಿ. ಅಲ್ಪವಿರಾಮದ ಗುಣವೇ ಹಾಗೆ,
ಅದು ದೊಡ್ಡ ಕ್ಯಾನು; ಯಾರದು ಸುರಿದರೂ ಹಾಲು.
ಸುರಿದ ಮೇಲೆ ಕೆಂಪಾಜಮ್ಮನ ಸೀಮೆಹಸು ಯಾವುದು,
ದ್ಯಾವೀರನ ಎಮ್ಮೆ ಯಾವುದು, ಯಾರನ್ನು ಕೇಳುವುದು?
ಅದಕ್ಕೇ ತಾನೆ ಸುರಿಯುವ ಮೊದಲು
ಬೆರಳುದ್ದದ ಸೀಸೆಗೆ ಒಂದಿಷ್ಟು ತೆಗೆದು
ಬಿರಡೆ ಹಾಕಿ ನಂಬರು ಅಂಟಿಸುವುದು.

ಅಲ್ಪವಿರಾಮ ಅಳಿಸಿದೆ.
ಮೂರನ್ನೂ ಸುಮ್ಮನೆ ಪಕ್ಕಪಕ್ಕ ನಿಲ್ಲಿಸಿದೆ, ನಡುವೆ ತೆರಪು.
ಮೂರೇ ಬಂತು.
ಹೆಸರಿನ ಸುತ್ತ ತೆಳ್ಳನೆ ಗೆರೆಯ ಚೌಕ,
ಒಳಗೆ ಇಡೀ ಕೆಂಪಾಜಮ್ಮ,
ಹೊರಗೆ ಅವಳ ಹಾಲು, ಅದರ ಜಿಡ್ಡು.
ಸೇರಿಸಿದ್ದು ಆ ತೆರಪೇ,
ಬಸ್ಸಿನಲ್ಲಿ ಒಬ್ಬರಿಗೊಬ್ಬರು ಜರುಗಿ ಕೂತ ಹಾಗೆ.

ಆಮೇಲೆ ಬಹಳ ದಿನ ಚೆನ್ನಾಗಿ ನಡೆಯಿತು.
ಕೂಡುವ ಗುರುತು, ಪಕ್ಕದಲ್ಲಿ ಒಂದು ಓರೆಗೆರೆ:
ಊರಿನಷ್ಟೂ ಲೀಟರು ಒಂದೇ ಉಸಿರಿಗೆ ಮೊತ್ತ.

ಕಾರ್ತೀಕದ ಒಂದು ಮಂಗಳವಾರ
ಕೆಂಪಾಜಮ್ಮ ಬರಿಗೈಯಲ್ಲಿ ಬಂದಳು, ಸೆರಗಿಗೆ ಒಣಹುಲ್ಲು.
"ರಾತ್ರಿ ಈಯ್ತು ಕನವ್ವ, ಹೆಣ್ಗರ."
ಗಿಣ್ಣು ಡೇರಿಗೆ ಹಾಕುವಂತಿಲ್ಲ, ಅವಳಿಗೂ ಗೊತ್ತು;
ಹೇಳಿಹೋಗಲು ಬಂದವಳು.
ಲೀಟರಿನ ಕಾಲಮ್ಮಿಗೆ ಏನು ಬರೆಯಲಿ?
ಸೊನ್ನೆ ಅಂದರೆ ಹಸು ಬತ್ತಿದ ಹಾಗೆ; ಕೆಚ್ಚಲು ಬಿರಿಯುತ್ತಿದೆ.
ಖಾಲಿ ಬಿಟ್ಟರೆ ಅವಳು ಬರಲೇ ಇಲ್ಲವೆಂದಾಗುತ್ತದೆ.
ಇದ್ದದ್ದನ್ನೇ ಬರೆದೆ. ನಾಲ್ಕು, ಐದೂವರೆ, ಗಿಣ್ಣು, ಒಂಬತ್ತು.

ಸಾಲು ಕಮಕ್ ಕಿಮಕ್ ಅನ್ನದೆ ಜಾಗ ಕೊಟ್ಟಿತು.
ಕೂಡು ಅಂದಾಗ ಮಾತ್ರ ಮುನಿಯಿತು:
ಈ ಸಾಮಾನಿಗೆ ಈ ಲೆಕ್ಕ ಸಲ್ಲದು.
ಒಂದು ಪದಕ್ಕೆ ಊರ ಹಾಲೆಲ್ಲ ತಡೆದು ನಿಂತಿತು.
ಹೊರಗೆ ಟ್ಯಾಂಕರಿನ ಹಾರನ್ನು, ಡ್ರೈವರು ಬಯ್ಯುತ್ತಿದ್ದ.

ಅಳಿಸಿ ಸೊನ್ನೆ ಒತ್ತಿದ್ದರೆ ಅರೆ ಕ್ಷಣದ ಕೆಲಸ.
ಒತ್ತಲಿಲ್ಲ. ಅಂಕಿಗಳನ್ನಷ್ಟೇ ಜರಡಿ ಹಿಡಿದು ಕೂಡಿ,
ಇನ್ನೂರ ಹನ್ನೆರಡು ಎಂದು ಚೀಟಿ ಹರಿದು ಕೊಟ್ಟೆ.
ಗಿಣ್ಣು ಸಾಲಿನಲ್ಲೇ ಉಳಿಯಿತು,
ಮೊತ್ತಕ್ಕೆ ಸೇರದೆ, ಎಣಿಕೆಗೆ ತಪ್ಪದೆ.

ಸಂಜೆ ತಟ್ಟೆ ಮುಚ್ಚಿಕೊಂಡು ತಂದಳು:
ಬೆಲ್ಲ, ಏಲಕ್ಕಿ, ಮುಟ್ಟಿದರೆ ನಡುಗುವ ಹಳದಿ ತುಂಡು.
"ತಕ, ಇದ್ನೂ ಬರ್ಕೊ."
ಯಾವ ಕಾಲಮ್ಮಿಗೆ, ಅಂದೆ, ಬಾಯಿ ತುಂಬಿಕೊಂಡೇ.
ಬೆರಳೆಲ್ಲ ಅಂಟು. ಕೀಬೋರ್ಡು ಮುಟ್ಟುವ ಹಾಗಿರಲಿಲ್ಲ.